ಐದು ಗಂಟೆಯ ಹೊಗೆ

ಕಳೆದ ವರ್ಷ ದೀಪಾವಳಿ ಮುಗಿದು ಎರಡು ವಾರಗಳಾಗಿದ್ದಿರಬೇಕು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಫೋನು ಸದ್ದು ಮಾಡಿತು. ವಕೀಲನ ಮನೆಗೆ ಅಪರಾತ್ರಿಯಲ್ಲಿ ಕರೆ ಬಂದರೆ ಯಾರನ್ನೋ ಪೊಲೀಸರು ಕರೆದೊಯ್ದಿದ್ದಾರೆಂದೇ ಸಾಮಾನ್ಯವಾಗಿ ಅರ್ಥ. ಅಂಥದೇ ಏನೋ ಇರಬೇಕೆಂದು ಎದ್ದು ನೋಡಿದರೆ ಕರೆ ಅಕ್ಕನ ಮಗನದು. ಅವನು ಬಾಲ್ಟಿಕ್ ಸಮುದ್ರದಲ್ಲಿದ್ದ. ಸರಕು ಹಡಗೊಂದರ ಎಂಜಿನ್ ಕೋಣೆಯಿಂದ ಆಗತಾನೇ ಮೇಲೆ ಬಂದು ಮಾತನಾಡುತ್ತಿದ್ದ. ಅಲ್ಲಿ ಆಗ ರಾತ್ರಿ ಒಂಬತ್ತೂವರೆ.

“ಮಾವ, ನಿದ್ದೆ ಕೆಡಿಸಿದೆನೋ ಏನೋ. ಒಂದು ಕಾನೂನಿನ ಮಾತು ಕೇಳಬೇಕಿತ್ತು. ಯಂತ್ರ ಐದು ಗಂಟೆ ಹೊತ್ತು ನಿಂತಿತ್ತು. ನಡೆಯುತ್ತಲೇ ಇತ್ತು ಎಂದು ಪುಸ್ತಕದಲ್ಲಿ ಬರೆ ಎನ್ನುತ್ತಿದ್ದಾರೆ. ಬರೆಯಬಹುದೇ?”

ನಿಂತದ್ದು ಹಡಗನ್ನು ನಡೆಸುವ ಎಂಜಿನ್ ಅಲ್ಲ. ಆ ಎಂಜಿನ್ನಿನ ಹೊಗೆಯನ್ನು ತೊಳೆಯುವ ಉಪಕರಣ. ಹಡಗು ತೇಲುವುದಕ್ಕಾಗಲಿ ಚಲಿಸುವುದಕ್ಕಾಗಲಿ ಅದರ ಅಗತ್ಯವಿಲ್ಲ. ಅದು ನಿಂತರೂ ಸರಕು ಹೊತ್ತಿಗೆ ಸರಿಯಾಗಿ ತಲಪುತ್ತದೆ, ಸಂಬಳ ಬರುತ್ತದೆ, ಹಡಗಿನ ಮೇಲಿರುವವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ನಿದ್ದೆಗಣ್ಣಿನಲ್ಲಿದ್ದ ನಾನು ಕೊಟ್ಟ ಉತ್ತರವನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. “ನೀನು ಅಲ್ಲಿ ಎಲ್ಲರಿಗಿಂತ ಕಿರಿಯವನು. ಮೇಲಿನವರು ಹೇಳಿದಂತೆ ಬರೆದು ಮಲಗು. ಸಹಿ ಹಾಕುವವರು ಅವರಲ್ಲವೇ?” ಎಂದೆ. ಅವನು “ಆಗಲಿ ಮಾವ” ಎಂದು ಕರೆಯನ್ನು ಮುಗಿಸಿದ.

ಇದು ವಕೀಲನ ಉತ್ತರವಾಗಿರಲಿಲ್ಲ, ಸಾಲಕ್ಕೆ ಜಾಮೀನು ನಿಂತ ಮಾವನ ಉತ್ತರವಾಗಿತ್ತು. ಹುಡುಗ ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನು. ಪ್ಲಸ್ ಟು ಮುಗಿಸಿ ನೌಕಾ ಎಂಜಿನಿಯರಿಂಗ್ ಕಲಿಯುತ್ತೇನೆಂದಾಗ ಭಾವನವರು ಅಡಿಕೆ ತೋಟದ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ತೆಗೆದರು. ಕಾಗದಪತ್ರಗಳನ್ನು ಸಿದ್ಧಪಡಿಸಿದವನು ನಾನು. ಕಾಸರಗೋಡು ಜಿಲ್ಲೆಯಿಂದ ಹಡಗಿಗೆ ಹೋದವರು ಬಹಳ ಮಂದಿ ಇದ್ದಾರೆ; ಉದುಮ, ಪಾಲಕುನ್ನು ಕಡೆಯಲ್ಲಂತೂ ನಾವಿಕರಿಲ್ಲದ ಮನೆಯನ್ನು ಹುಡುಕಬೇಕು. ಆದರೆ ನಮ್ಮ ಮನೆತನದಲ್ಲಿ ಕಡಲು ದಾಟಿದವನು ಇವನೇ ಮೊದಲು. ಸಾಲದ ಕಂತುಗಳು ಇನ್ನೂ ನಾಲ್ಕು ವರ್ಷ ಬಾಕಿಯಿದ್ದವು.

ಕರೆ ಮುಗಿದ ಮೇಲೆ ನಿದ್ದೆ ಹತ್ತಲಿಲ್ಲ. ಅದಕ್ಕೆ ಕಾರಣವನ್ನು ಹೇಳುವ ಮೊದಲು ಆ ಉಪಕರಣವೇನೆಂಬುದನ್ನು ಹೇಳಬೇಕು. ನನಗೆ ಅದು ಅರ್ಥವಾದದ್ದು ಅವನಿಂದಲೇ, ಅದೇ ವರ್ಷದ ಬೇಸಗೆ ರಜೆಯಲ್ಲಿ, ಅಕ್ಕನ ಮನೆಯ ತೋಟದಲ್ಲಿ. ಭಾವನವರು ಅಡಿಕೆ ಮರಗಳ ಬುಡಕ್ಕೆ ಹಾಕಲೆಂದು ತಂದಿರಿಸಿದ್ದ ಯೂರಿಯಾ ಚೀಲವನ್ನು ಕಂಡು ಹುಡುಗ ನಕ್ಕ. “ಮಾವ, ನಮ್ಮ ಹಡಗಿಗೂ ಇದನ್ನೇ ತುಂಬಿಸುತ್ತೇವೆ” ಎಂದ. ಹಡಗಿಗೆ ಗೊಬ್ಬರವೇಕೆಂದು ನಾನು ಕೇಳಿದೆ. ಅವನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ವಿವರಿಸಿದ.

ನಾವು ಉಸಿರಾಡುವ ಗಾಳಿಯ ನೂರರಲ್ಲಿ ಎಪ್ಪತ್ತೆಂಟು ಪಾಲು ಸಾರಜನಕ. ಅದು ತನ್ನಷ್ಟಕ್ಕೆ ಯಾರೊಡನೆಯೂ ಸೇರದ ಶಾಂತಸ್ವಭಾವದ ಅನಿಲ. ಆದರೆ ಹಡಗಿನ ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಉಂಟಾಗುವ ಅತಿಯಾದ ಶಾಖದಲ್ಲಿ ಈ ಸಾರಜನಕವೂ ತನ್ನ ಸ್ವಭಾವವನ್ನು ಬಿಟ್ಟು ಆಮ್ಲಜನಕದೊಡನೆ ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟಿದ ಸಾರಜನಕದ ಆಕ್ಸೈಡುಗಳು ಹೊಗೆಯೊಡನೆ ಹೊರಬಂದು, ಬಿಸಿಲಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಓಜೋನನ್ನು ನೆಲಮಟ್ಟದಲ್ಲಿ ಉಂಟುಮಾಡುತ್ತವೆ. ಮಳೆಯೊಡನೆ ಆಮ್ಲವಾಗಿ ಇಳಿಯುತ್ತವೆ. ನೀರಿಗೆ ಬಿದ್ದರೆ ಗೊಬ್ಬರವಾಗುತ್ತವೆ. ಇಂಧನವನ್ನು ಎಷ್ಟೇ ಶುದ್ಧಗೊಳಿಸಿದರೂ ಇದು ತಪ್ಪುವುದಿಲ್ಲ. ಏಕೆಂದರೆ ಕೆಡುಕಿನ ಮೂಲ ಇಂಧನದಲ್ಲಿಲ್ಲ. ಗಾಳಿ ಮತ್ತು ಬಿಸಿ ಕೂಡಿದಲ್ಲಿದೆ.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ಹೊಗೆಯ ಸ್ವಲ್ಪ ಭಾಗವನ್ನು ಮರಳಿ ಎಂಜಿನ್ನಿಗೇ ಕಳುಹಿಸಿ ಉರಿಯ ಶಾಖವನ್ನು ತಗ್ಗಿಸುವುದು. ಇನ್ನೊಂದು ಇವನ ಹಡಗಿನಲ್ಲಿದ್ದದ್ದು. ಯೂರಿಯಾವನ್ನು ನೀರಿನಲ್ಲಿ ನೂರಕ್ಕೆ 40ರಂತೆ ಕರಗಿಸಿ, ಬಿಸಿ ಹೊಗೆ ಹಾಯುವ ಕೊಳವೆಯೊಳಗೆ ಸಣ್ಣ ಹನಿಗಳಾಗಿ ಸಿಂಪಡಿಸುತ್ತಾರೆ. ಬಿಸಿಗೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಆ ಮಿಶ್ರಣ ಜೇನುಗೂಡಿನಂಥ ಕಿಂಡಿಗಳುಳ್ಳ ಇಟ್ಟಿಗೆಗಳ ಮೂಲಕ ಹಾದುಹೋಗುತ್ತದೆ. ಟೈಟಾನಿಯಂ ಡೈಆಕ್ಸೈಡಿನ ಮೇಲೆ ವನೇಡಿಯಂ ಪೆಂಟಾಕ್ಸೈಡನ್ನು ಲೇಪಿಸಿದ ಆ ಇಟ್ಟಿಗೆಗಳೇ ಕ್ರಿಯಾವರ್ಧಕ. ತಾನು ಸವೆದುಹೋಗದೆ ಬೇರೆಯವರ ಕೆಲಸವನ್ನು ನಡೆಸಿಕೊಡುವ ವಸ್ತುವಿಗೆ ಶಾಲೆಯಲ್ಲಿ ನಾವು ಕಲಿತ ಹೆಸರು ಅದು. ಅಲ್ಲಿ ಅಮೋನಿಯಾ ಮತ್ತು ಸಾರಜನಕದ ಆಕ್ಸೈಡು ಒಂದನ್ನೊಂದು ಸಂಧಿಸಿ ಎರಡೂ ಇಲ್ಲವಾಗುತ್ತವೆ. ಉಳಿಯುವುದು ಮರಳಿ ಶಾಂತವಾದ ಸಾರಜನಕ ಮತ್ತು ನೀರಾವಿ. ಹುಡುಗ ಒಂದು ಕಡ್ಡಿಯಿಂದ ನೆಲದ ಮೇಲೆ ಸಮೀಕರಣವನ್ನು ಬರೆದು ತೋರಿಸಿದ್ದ: ನಾಲ್ಕು ಅಮೋನಿಯಾ, ನಾಲ್ಕು ನೈಟ್ರಿಕ್ ಆಕ್ಸೈಡು, ಒಂದು ಆಮ್ಲಜನಕ, ಆಚೆ ಬದಿಗೆ ನಾಲ್ಕು ಸಾರಜನಕ, ಆರು ನೀರು.

ಈ ವಿದ್ಯೆ ಹೊಸದೇನೂ ಅಲ್ಲ. ವಿದ್ಯುತ್ ಸ್ಥಾವರಗಳ ಚಿಮಣಿಗಳಲ್ಲಿ ಮೊದಲೇ ಇದ್ದದ್ದು, 1989-90ರ ಹೊತ್ತಿಗೆ ಕೊರಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಉಕ್ಕು ಸಾಗಿಸುತ್ತಿದ್ದ ಹಡಗುಗಳ ದೊಡ್ಡ ಎಂಜಿನ್ನುಗಳನ್ನು ಸೇರಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಗಾಳಿಯನ್ನು ಕಾಯುವವರು ಕಟ್ಟುನಿಟ್ಟಾಗಿದ್ದುದೇ ಅದಕ್ಕೆ ಕಾರಣ. ಲೋಕದ ಕಾನೂನು ಅಲ್ಲಿಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಹಡಗುಗಳ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಗಾಳಿಯ ಕುರಿತಾದ ಆರನೆಯ ಅನುಬಂಧ ಸೇರಿದ್ದು 1997ರಲ್ಲಿ, ಜಾರಿಗೆ ಬಂದದ್ದು 2005ರಲ್ಲಿ. ಅದರ ಹದಿಮೂರನೆಯ ನಿಯಮ ಸಾರಜನಕದ ಆಕ್ಸೈಡುಗಳಿಗೆ ಮೂರು ಮೆಟ್ಟಿಲುಗಳ ಮಿತಿಯನ್ನು ಹಾಕಿದೆ. ನಿಧಾನವಾಗಿ ತಿರುಗುವ ದೊಡ್ಡ ಎಂಜಿನ್ನುಗಳಿಗೆ ಮೊದಲ ಮೆಟ್ಟಿಲಿನಲ್ಲಿ ಒಂದು ಕಿಲೋವಾಟ್-ಗಂಟೆಗೆ 17 ಗ್ರಾಂ, ಎರಡನೆಯದರಲ್ಲಿ 14.4 ಗ್ರಾಂ, ಮೂರನೆಯದರಲ್ಲಿ 3.4 ಗ್ರಾಂ. ಎರಡನೆಯ ಮೆಟ್ಟಿಲನ್ನು ಎಂಜಿನ್ನಿನ ಒಳಗಿನ ತಿದ್ದುಪಡಿಗಳಿಂದಲೇ ದಾಟಬಹುದು. ಮೂರನೆಯದಕ್ಕೆ ಯೂರಿಯಾದಂಥ ಉಪಾಯವೇ ಬೇಕು.

ಮೂರನೆಯ ಮೆಟ್ಟಿಲು ಎಲ್ಲ ಕಡಲುಗಳಿಗೂ ಅನ್ವಯಿಸುವುದಿಲ್ಲ ಎಂದು ಅವನು ಹೇಳಿದಾಗ ನನ್ನೊಳಗಿನ ವಕೀಲ ಎಚ್ಚೆತ್ತ. ಉತ್ತರ ಅಮೆರಿಕದ ತೀರ, ಅಮೆರಿಕದ ಕೆರಿಬಿಯನ್ ಭಾಗ, ಉತ್ತರ ಸಮುದ್ರ, ಬಾಲ್ಟಿಕ್ ಸಮುದ್ರ ಮುಂತಾದ ಗುರುತಿಸಿದ ವಲಯಗಳೊಳಗೆ ಮಾತ್ರ ಅದು ಕಡ್ಡಾಯ. ಉತ್ತರ ಸಮುದ್ರದ ವಲಯ ಇಂಗ್ಲಿಷ್ ಕಾಲುವೆಯ ಬಾಯಿಯಲ್ಲಿ ಪಶ್ಚಿಮ ರೇಖಾಂಶ 5 ಡಿಗ್ರಿಯಿಂದ ಆರಂಭವಾಗುತ್ತದೆ. ನೀರಿನ ಮೇಲೆ ಆ ಗೆರೆ ಕಾಣಿಸುವುದಿಲ್ಲ. ಹಡಗು ಅದನ್ನು ದಾಟಿ ಒಳಬರುವ ಹೊತ್ತಿಗೆ ಉಪಕರಣ ನಡೆಯುತ್ತಿರಬೇಕು; ದಾಟಿ ಹೊರಗೆ ಹೋದೊಡನೆ ನಿಲ್ಲಿಸಬಹುದು. ಒಳಗೆ ಬಂದಾಗ, ಹೊರಗೆ ಹೋದಾಗ, ವಲಯದೊಳಗೆ ಸ್ಥಿತಿ ಬದಲಾದಾಗ, ಯಾವ ದಿನ, ಯಾವ ಗಳಿಗೆ, ಯಾವ ಅಕ್ಷಾಂಶ-ರೇಖಾಂಶದಲ್ಲಿ ಎಂಬುದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಗೆರೆಯ ಈಚೆಗೆ ಒಂದು ನ್ಯಾಯ, ಆಚೆಗೆ ಇನ್ನೊಂದು ಎಂಬ ಮಾತನ್ನು 1956ರ ನವೆಂಬರ್ 1ರಿಂದ ಗಡಿಯಲ್ಲಿ ಬಾಳುತ್ತಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ದಿನಾಂಕದ ಚಮತ್ಕಾರವೂ ಇದೆ. ಅಮೆರಿಕದ ವಲಯಗಳಲ್ಲಿ ನಿಯಮ ಅನ್ವಯಿಸುವುದು 2016ರ ಜನವರಿ 1ರಂದು ಅಥವಾ ಅನಂತರ ನಿರ್ಮಾಣಗೊಂಡ ಹಡಗುಗಳಿಗೆ. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2021ರ ಜನವರಿ 1ರಿಂದ ಈಚಿನವುಗಳಿಗೆ. ನಿರ್ಮಾಣವಾಯಿತು ಎಂಬುದಕ್ಕೆ ಕಾನೂನಿನ ಅರ್ಥವಾದರೋ ಹಡಗಿನ ಬೆನ್ನೆಲುಬಾದ ಕೀಲನ್ನು ಇಟ್ಟ ದಿನ, ಇಲ್ಲವೇ 50 ಟನ್ ಅಥವಾ ಒಟ್ಟು ಲೋಹದ ನೂರಕ್ಕೆ ಒಂದು ಪಾಲು, ಇವೆರಡರಲ್ಲಿ ಕಡಿಮೆಯಾದಷ್ಟನ್ನು ಜೋಡಿಸಿದ ದಿನ. ಹೀಗಾಗಿ 2015ರ ಕೊನೆಯ ತಿಂಗಳುಗಳಲ್ಲಿ ಹಡಗುಕಟ್ಟೆಗಳಲ್ಲಿ ಕೀಲು ಇಡುವ ಅವಸರವೇ ನಡೆಯಿತು. ಕೊಳ್ಳುವವನು ಗೊತ್ತಾಗುವ ಮೊದಲೇ ಒಂದು ತುಂಡು ಕಬ್ಬಿಣವನ್ನು ಇಟ್ಟು, ಹಡಗು ಹಳೆಯದೆಂದು ಬರೆಸಿಟ್ಟುಕೊಂಡರು. ಅದನ್ನು ಕೇಳಿ ನಾನು ನಕ್ಕಿದ್ದೆ. ಕಕ್ಷಿದಾರರಿಗೆ ಇಂಥ ದಾರಿಗಳನ್ನು ತೋರಿಸಿಕೊಡುವುದೇ ನಮ್ಮ ವೃತ್ತಿಯ ಒಂದು ಭಾಗ. ಅದರಲ್ಲಿ ಸುಳ್ಳಿಲ್ಲ, ಜಾಣತನ ಮಾತ್ರ ಇದೆ ಎಂದು ಆಗ ನನ್ನ ಸಮರ್ಥನೆ.

ನವೆಂಬರಿನ ಆ ರಾತ್ರಿ ನಡೆದದ್ದು ಜಾಣತನದ ಮಾತಾಗಿರಲಿಲ್ಲ. ಹಡಗು ಬಾಲ್ಟಿಕ್ ತೀರದ ಒಂದು ಬಂದರಿಗೆ ಹೋಗುತ್ತಿತ್ತು. ದಕ್ಕೆಯಲ್ಲಿ ಜಾಗ ತೆರವಾಗಿಲ್ಲ, ನಿಧಾನವಾಗಿ ಬನ್ನಿ ಎಂದು ಸೂಚನೆ ಬಂತು. ಎಂಜಿನ್ನಿನ ಹೊರೆಯನ್ನು ಪೂರ್ಣಶಕ್ತಿಯ ನೂರಕ್ಕೆ ಹದಿನೈದರಷ್ಟಕ್ಕೆ ಇಳಿಸಿದರು. ಹೊರೆ ಇಳಿದಂತೆ ಹೊಗೆಯೂ ತಣಿಯಿತು. ಕ್ರಿಯಾವರ್ಧಕಕ್ಕೆ ಕೆಲಸ ಮಾಡಲು ಸುಮಾರು 300 ಡಿಗ್ರಿ ಬಿಸಿ ಬೇಕು. ಇಂಧನದಲ್ಲಿ ಗಂಧಕ ಕಡಿಮೆಯಿದ್ದರೆ ಇನ್ನೂ ಸ್ವಲ್ಪ ಕೆಳಗಿಳಿಯಬಹುದು, ಅಷ್ಟೆ. ಅದಕ್ಕೂ ಕೆಳಗೆ ಯೂರಿಯಾ ಸಿಂಪಡಿಸಿದರೆ ಅಮೋನಿಯಾ ಗಂಧಕದೊಡನೆ ಕೂಡಿ ಅಂಟಾದ ಲವಣವಾಗಿ ಜೇನುಗೂಡಿನ ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ದೊಡ್ಡ ಎಂಜಿನ್ನಿನ ಹೊಗೆ ಮೊದಲೇ ತಣ್ಣಗಿರುವುದರಿಂದಲೇ ಈ ಉಪಕರಣವನ್ನು ಟರ್ಬೋಚಾರ್ಜರಿನ ಆಚೆಗಿಡದೆ ಅದಕ್ಕೂ ಮೊದಲು, ಬಿಸಿ ಹೆಚ್ಚಿರುವಲ್ಲಿ ಇಡುತ್ತಾರೆ. ಆದರೂ ಅಷ್ಟು ಕಡಿಮೆ ಹೊರೆಯಲ್ಲಿ ಅದು ಸಾಲುವುದಿಲ್ಲ. ಯಂತ್ರ ತನ್ನಷ್ಟಕ್ಕೆ ಯೂರಿಯಾವನ್ನು ನಿಲ್ಲಿಸಿತು. ಐದು ಗಂಟೆಯ ಮೇಲೆ ಹಡಗು ಮತ್ತೆ ವೇಗ ಹಿಡಿದಾಗ ತಾನೇ ಆರಂಭಿಸಿತು. ಯಾರೂ ಕಳ್ಳತನ ಮಾಡಿರಲಿಲ್ಲ. ಆದರೆ ವಲಯದೊಳಗೆ ‘ನಿಂತಿತ್ತು’ ಎಂದು ಬರೆದರೆ ಬಂದರಿನ ತನಿಖಾಧಿಕಾರಿ ಪ್ರಶ್ನೆ ಕೇಳಿಯಾನು, ಹಡಗು ತಡವಾದೀತು ಎಂಬ ಅಳುಕು ಮೇಲಿನವರಿಗೆ. ಬರೆಯುವ ಕೆಲಸ ಕಿರಿಯವನದು.

ಇನ್ನು ನನಗೆ ನಿದ್ದೆ ಹತ್ತದ ಕಾರಣ. ಎಲ್‌ಎಲ್‌ಬಿ ಮುಗಿಸಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ ಎರಡನೆಯ ವರ್ಷ. ಜಾಗದ ತಕರಾರಿನ ಒಂದು ದಾವೆಯಲ್ಲಿ ಪ್ರತಿವಾದಿ ಒಬ್ಬ ವೃದ್ಧೆ. ಸಮನ್ಸ್ ಕೊಡಲು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲವೆಂದೂ ಪ್ರತಿಯನ್ನು ಬಾಗಿಲಿಗೆ ಅಂಟಿಸಲಾಗಿದೆಯೆಂದೂ ಒಂದು ಸಾಲಿನ ಷರಾ ಕಡತದಲ್ಲಿ ಬಂತು. ಅದೇ ದಿನ ನಾನು ಬೇರೆ ಕೆಲಸದ ಮೇಲೆ ಆ ದಾರಿಯಾಗಿ ಹೋಗಿದ್ದೆ. ಬಾಗಿಲು ತೆರೆದಿತ್ತು, ಆಕೆ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು, ಬಾಗಿಲ ಮೇಲೆ ಕಾಗದವಿರಲಿಲ್ಲ. ನಾನು ವಾದಿಯ ಕಡೆಯವನು; ಸುಮ್ಮನಿದ್ದೆ. ಏಕಪಕ್ಷೀಯ ಡಿಕ್ರಿಯಾಯಿತು. ಅಮೀನರು ಜಾರಿಗೆ ಬಂದು ನಿಂತಾಗಲೇ ಆಕೆಗೆ ದಾವೆಯಿದ್ದುದು ತಿಳಿದದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂಬತ್ತನೆಯ ಆದೇಶದ ಹದಿಮೂರನೆಯ ನಿಯಮದಡಿ ಆ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಲು ಆಕೆಗೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ನ್ಯಾಯಾಲಯದ ಜಗಲಿಯಲ್ಲಿ ಆಕೆ ನನ್ನನ್ನು ಕಂಡಾಗಲೆಲ್ಲ “ವಕೀಲರೇ, ಚೆನ್ನಾಗಿದ್ದೀರಾ?” ಎಂದು ಕೇಳುತ್ತಿದ್ದರು. ನಾನು ಯಾವ ಸುಳ್ಳನ್ನೂ ಬರೆದಿರಲಿಲ್ಲ. ಬರೆದವರು ಬೇರೆ, ಸಹಿ ಬೇರೆಯವರದು. ಅಂದು ನನಗೆ ನಾನು ಹೇಳಿಕೊಂಡ ಸಮಾಧಾನವನ್ನೇ ಈ ರಾತ್ರಿ ಅಳಿಯನಿಗೆ ಹೇಳಿದ್ದೆ.

ಮೂರು ಗಂಟೆಗೆ ನಾನೇ ಕರೆ ಮಾಡಿದೆ. ಪುಣ್ಯಕ್ಕೆ ಅವನಿನ್ನೂ ಬರೆದಿರಲಿಲ್ಲ. ಈ ಬಾರಿ ವಕೀಲನಾಗಿ ಮಾತನಾಡಿದೆ.

“ಮೊದಲು ಒಂದು ಮಾತು ತಿಳಿದುಕೊ. ಅಮೆರಿಕದ ನ್ಯಾಯಾಲಯಗಳಲ್ಲಿ ಹಡಗಿನ ಎಂಜಿನಿಯರುಗಳಿಗೆ ಸೆರೆಮನೆಯ ಶಿಕ್ಷೆಯಾದ ಮೊಕದ್ದಮೆಗಳಿವೆ. ಅವರು ಗುಪ್ತ ಕೊಳವೆ ಜೋಡಿಸಿ ಎಣ್ಣೆ ಬೆರೆತ ನೀರನ್ನು ನಡುಗಡಲಿನಲ್ಲಿ ಬಿಟ್ಟದ್ದು ಅಮೆರಿಕದ ಎಲ್ಲೆಯ ಹೊರಗೆ. ಆ ಕೃತ್ಯವನ್ನು ವಿಚಾರಿಸುವ ಅಧಿಕಾರ ಆ ದೇಶಕ್ಕಿರಲಿಲ್ಲ. ಆದರೆ ಹಾಗೆ ಬಿಟ್ಟಿಲ್ಲವೆಂದು ತೋರಿಸುವ ಸುಳ್ಳು ಪುಸ್ತಕವನ್ನು ಅಲ್ಲಿಯ ಬಂದರಿನೊಳಗೆ ಅಧಿಕಾರಿಗಳ ಮುಂದಿಟ್ಟರಲ್ಲ, ಶಿಕ್ಷೆಯಾದದ್ದು ಅದಕ್ಕೆ. ಎಣ್ಣೆಯನ್ನು ಸಮುದ್ರ ಕರಗಿಸಿಕೊಂಡಿತು, ಪುಸ್ತಕ ಉಳಿಯಿತು. ನಿಮ್ಮ ಯಂತ್ರ ತಣ್ಣಗಾಗಿ ನಿಂತದ್ದು ತಪ್ಪೋ ಅಲ್ಲವೋ ಎಂಬುದು ವಾದದ ವಿಷಯ. ನಡೆಯುತ್ತಿತ್ತೆಂದು ಬರೆದರೆ ವಾದಕ್ಕೆ ಎಡೆಯೇ ಇಲ್ಲ, ಅದು ತಪ್ಪೇ.”

“ಹಾಗಾದರೆ ಏನು ಬರೆಯಲಿ ಮಾವ?”

“ಆದದ್ದನ್ನು ಬರೆ. ಎಷ್ಟು ಗಂಟೆಗೆ ನಿಂತಿತು, ಆಗ ಹೊಗೆಯ ಬಿಸಿ ಎಷ್ಟು, ಹಡಗು ಎಲ್ಲಿತ್ತು, ನಿಧಾನಿಸಲು ಯಾರು ಹೇಳಿದರು, ಮತ್ತೆ ಎಷ್ಟು ಗಂಟೆಗೆ ಆರಂಭವಾಯಿತು. ವಿಶೇಷಣ ಬೇಡ, ಸಮರ್ಥನೆ ಬೇಡ. ಬರೆಯುವ ಮೊದಲು ಆ ಎಂಜಿನ್ನಿಗೆ ಪ್ರಮಾಣಪತ್ರ ಕೊಡುವಾಗ ಒಪ್ಪಿದ ತಾಂತ್ರಿಕ ಕಡತವಿರುತ್ತದಲ್ಲ, ಅದನ್ನು ತೆಗೆದು ನೋಡು. ಇಷ್ಟು ಬಿಸಿಗಿಂತ ಕೆಳಗೆ ಯೂರಿಯಾ ನಿಲ್ಲುತ್ತದೆಂದು ಅದರಲ್ಲಿ ಬರೆದಿದ್ದರೆ ಆ ಪುಟವನ್ನು ಮುಖ್ಯ ಎಂಜಿನಿಯರರಿಗೆ ತೋರಿಸು. ಗೌರವದಿಂದ ತೋರಿಸು. ಅವರನ್ನು ಸಿಕ್ಕಿಸುವುದಕ್ಕಲ್ಲ, ಅವರನ್ನು ಉಳಿಸುವುದಕ್ಕೆ ತಂದಿದ್ದೇನೆಂದು ಅವರಿಗೆ ಅನ್ನಿಸಬೇಕು.”

ಕೆಲಸ ಹೋದರೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲೂ ಭಾವನವರ ತೋಟ ಇದ್ದೇ ಇತ್ತು. ಬೆಳಗಾಗುವವರೆಗೆ ನಾನು ಎದ್ದೇ ಇದ್ದೆ; ಅಕ್ಕನಿಗೆ ಏನನ್ನೂ ತಿಳಿಸಲಿಲ್ಲ.

ಮರುದಿನ ಮಧ್ಯಾಹ್ನ ಸಂದೇಶ ಬಂತು. ಕಡತದಲ್ಲಿ ಆ ಮಿತಿ ಇತ್ತು. ಮುಖ್ಯ ಎಂಜಿನಿಯರರು ಪುಟವನ್ನು ಎರಡು ಸಲ ಓದಿದರು, ಗೊಣಗಿದರು, ಬಳಿಕ ಹುಡುಗ ಬರೆದದ್ದರ ಕೆಳಗೆ ಸಹಿ ಮಾಡಿದರು. ಬಂದರಿನಲ್ಲಿ ಆ ಬಾರಿ ಯಾವ ತನಿಖಾಧಿಕಾರಿಯೂ ಹಡಗನ್ನು ಹತ್ತಲಿಲ್ಲ. ಪುಸ್ತಕವನ್ನು ಯಾರೂ ತೆರೆದು ನೋಡಲೇ ಇಲ್ಲ. ಅವನಿಗೆ ಬೈಗುಳವೂ ಬರಲಿಲ್ಲ, ಮೆಚ್ಚುಗೆಯೂ ಬರಲಿಲ್ಲ.

ಈ ಬೇಸಗೆಯಲ್ಲಿ ಅವನು ರಜೆಗೆ ಬಂದಾಗ ನಾವಿಬ್ಬರೂ ಅದೇ ಕಟ್ಟೆಯ ಮೇಲೆ ಕುಳಿತು ಆ ಐದು ಗಂಟೆಯ ಲೆಕ್ಕ ಮಾಡಿದೆವು. ಎಂಜಿನ್ನಿನ ಪೂರ್ಣಶಕ್ತಿ ಸುಮಾರು 10,000 ಕಿಲೋವಾಟ್. ನೂರಕ್ಕೆ ಹದಿನೈದರಂತೆ ಐದು ಗಂಟೆಗೆ 7,500 ಕಿಲೋವಾಟ್-ಗಂಟೆ. ಎರಡನೆಯ ಮೆಟ್ಟಿಲಿನ 14.4 ಗ್ರಾಮಿನಂತೆ ಹಿಡಿದರೆ 108 ಕಿಲೋ ಆಕ್ಸೈಡು. ಮೂರನೆಯ ಮೆಟ್ಟಿಲಿನ 3.4ರಂತೆ 25 ಕಿಲೋ ಚಿಲ್ಲರೆ. ಸ್ಥೂಲವಾಗಿ 82 ಕಿಲೋ ಹೆಚ್ಚು ಹೋಯಿತು. ಅದರಲ್ಲಿ ಸಾರಜನಕದ ಪಾಲು 25 ಕಿಲೋ. ಅಷ್ಟನ್ನು ತಡೆಯಲು ಬೇಕಾಗಿದ್ದ ಯೂರಿಯಾ ಸುಮಾರು 54 ಕಿಲೋ, ಎಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ 45 ಕಿಲೋದ ಒಂದು ಚೀಲ ಮತ್ತು ಇನ್ನೊಂದರ ಐದನೆಯ ಒಂದು ಪಾಲು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಲೆಕ್ಕ ಹಾಕಿದರೆ ಅಲ್ಲಿಯೂ 25 ಕಿಲೋ. ಹೊಗೆಯಲ್ಲಿ ಹೋದಷ್ಟೇ ಚೀಲದಲ್ಲಿ ಉಳಿದಿತ್ತು. ಆ ಸಮೀಕರಣದಲ್ಲಿ ನಾಲ್ಕಕ್ಕೆ ನಾಲ್ಕು ಎಂದು ಅವನು ಬರೆದಿದ್ದುದು ಇದನ್ನೇ ಎಂದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಇಷ್ಟು ಸಣ್ಣ ಲೆಕ್ಕಕ್ಕೆ ಅಷ್ಟು ದೊಡ್ಡ ಚಿಂತೆಯೇ ಎಂದು ಭಾವನವರು ಕೇಳಿದರು. ಅವರ ತೋಟದ ಉದಾಹರಣೆಯಿಂದಲೇ ಅಳಿಯ ಉತ್ತರ ಹೇಳಿದ. ಬಾಲ್ಟಿಕ್ ಆಳವಿಲ್ಲದ, ಅರೆ ಉಪ್ಪಿನ ಸಮುದ್ರ. ಹೊರಗಡಲಿಗೆ ಅದರ ದಾರಿ ಡೆನ್ಮಾರ್ಕಿನ ಬಳಿಯ ಕಿರಿದಾದ ಜಲಸಂಧಿಗಳು ಮಾತ್ರ; ನೀರು ಪೂರ್ತಿ ಬದಲಾಗಲು ದಶಕಗಳೇ ಬೇಕು. ಹೊಲಗಳಿಂದ ಹರಿದುಬರುವ ಗೊಬ್ಬರದೊಡನೆ ಗಾಳಿಯಿಂದ ಬೀಳುವ ಸಾರಜನಕವೂ ಕೂಡಿ ಬೇಸಗೆಯಲ್ಲಿ ನೀಲಹಸಿರು ಪಾಚಿ ಹಬ್ಬುತ್ತದೆ. ಅದು ಸತ್ತು ತಳ ಸೇರಿ ಕೊಳೆಯುವಾಗ ಆಮ್ಲಜನಕ ತೀರಿಹೋಗಿ ಮೀನುಗಳು ಬಾಳದ ನೀರಾಗುತ್ತದೆ. ಬುಡಕ್ಕೆ ಅಳತೆಗಿಂತ ಹೆಚ್ಚು ಯೂರಿಯಾ ಸುರಿದರೆ ಏನಾಗುತ್ತದೆಂದು ಬಲ್ಲ ಭಾವನವರಿಗೆ ಅದು ಬೇಗ ಅರ್ಥವಾಯಿತು. ಕಡಲು ಗೊಬ್ಬರ ಹೆಚ್ಚಾಗಿ ಕೆಡಬಾರದೆಂದು ಹಡಗಿನೊಳಗೆ ಗೊಬ್ಬರ ಸಿಂಪಡಿಸುತ್ತಾರೆಂಬುದನ್ನು ಮಾತ್ರ ಅವರು ಇಂದಿಗೂ ನಂಬಿಲ್ಲ.

ನನಗೆ ಆ ಲೆಕ್ಕಕ್ಕಿಂತಲೂ ಮುಖ್ಯವೆಂದು ತೋರಿದ್ದು ಬೇರೊಂದು. ಈ ಎಂಜಿನ್ನುಗಳನ್ನು ಪರೀಕ್ಷಿಸುವ ಕ್ರಮದಲ್ಲಿ ನಾಲ್ಕೇ ಪ್ರಶ್ನೆಗಳಿವೆ: ಪೂರ್ಣಶಕ್ತಿಯ ನೂರಕ್ಕೆ 100, 75, 50 ಮತ್ತು 25ರ ಹೊರೆಗಳಲ್ಲಿ ಅಳೆಯುತ್ತಾರೆ. ಅಂಕಗಳ ಹಂಚಿಕೆಯಲ್ಲಿ ಅರ್ಧದಷ್ಟು ತೂಕ 75ರ ಪ್ರಶ್ನೆಗೇ ಇದೆ; 25ಕ್ಕೆ ನೂರರಲ್ಲಿ 15 ಮಾತ್ರ. 25ಕ್ಕಿಂತ ಕೆಳಗೆ ಪ್ರಶ್ನೆಯೇ ಇಲ್ಲ. ಆದರೆ ಹಡಗು ಅಷ್ಟು ನಿಧಾನವಾಗಿ ಹೋಗುವುದು ಎಲ್ಲಿ? ಬಂದರಿನ ಬಾಯಿಯಲ್ಲಿ, ನದೀಮುಖದಲ್ಲಿ, ಜನವಸತಿಯ ಮಗ್ಗುಲಿನಲ್ಲಿ. ಪರೀಕ್ಷೆಗೆ ಬಾರದ ಪಾಠವನ್ನೇ ಮಕ್ಕಳು ಬಿಟ್ಟುಬಿಡುವಂತೆ ಯಂತ್ರವೂ ಬಿಟ್ಟುಬಿಡುತ್ತದೆ. ಬೆಲ್ಜಿಯಂ ದೇಶದವರು ವಿಮಾನಕ್ಕೆ ಮೂಸುವ ಉಪಕರಣಗಳನ್ನು ಕಟ್ಟಿಕೊಂಡು ಉತ್ತರ ಸಮುದ್ರದ ಮೇಲೆ ಹಡಗುಗಳ ಹೊಗೆಯೊಳಗೆ ಹಾರಿ ಅಳೆಯುತ್ತಿದ್ದಾರೆ. ಮೂರನೆಯ ಮೆಟ್ಟಿಲಿನ ಪ್ರಮಾಣಪತ್ರವಿರುವ ಹೊಸ ಹಡಗುಗಳಲ್ಲಿಯೂ ಹಲವು, ಮಿತಿಯನ್ನು ಮೀರಿ ಹೊಗೆ ಬಿಡುವುದು ಅವರಿಗೆ ಕಂಡುಬಂದಿದೆ. ಕಡಿಮೆ ಹೊರೆಯಲ್ಲಿಯೂ ಹೊಗೆಯನ್ನು ಬಿಸಿಯಾಗಿ ಇಟ್ಟುಕೊಳ್ಳುವ ಉಪಾಯಗಳು ಎಂಜಿನಿಯರುಗಳಿಗೆ ಗೊತ್ತಿವೆ. ಅದಕ್ಕೆ ಇಂಧನ ಹೆಚ್ಚು ಬೇಕು. ನಿಯಮ ಕೇಳದಿರುವಾಗ ಕೈಯಿಂದ ಹಣ ಹಾಕುವವರು ಕಡಿಮೆ.

ನಿಯಮವನ್ನು ತಿದ್ದಬೇಕಾದವರು ಯಾವುದನ್ನು ನೋಡಿ ತಿದ್ದಬೇಕು? ವಿಮಾನ ಎಲ್ಲ ಹಡಗುಗಳ ಮೇಲೂ ಹಾರಲಾರದು. ಉಳಿದದ್ದು ಪುಸ್ತಕ. ಎಲ್ಲ ಪುಸ್ತಕಗಳಲ್ಲಿಯೂ ಯಂತ್ರ ಎಡೆಬಿಡದೆ ನಡೆಯುತ್ತಿತ್ತೆಂದೇ ಬರೆದಿದ್ದರೆ ನಿಯಮದಲ್ಲಿ ದೋಷವೇ ಇಲ್ಲವೆಂದಾಯಿತು. ಆ ವೃದ್ಧೆಯ ಮನೆಯ ಬಾಗಿಲಿನ ಮೇಲೆ ಕಾಗದವಿದೆಯೆಂದು ಕಡತ ಹೇಳಿದ ಮೇಲೆ ನ್ಯಾಯಾಧೀಶರು ತಾನೇ ಏನು ಮಾಡಿಯಾರು? ನಿಂತಿತ್ತು, ಇಷ್ಟು ಹೊತ್ತಿಗೆ, ಇಷ್ಟು ಬಿಸಿಯಲ್ಲಿ ಎಂಬ ಸತ್ಯವಾದ ಸಾಲು ಆ ಹಡಗಿಗೆ ಒಂದಿಷ್ಟು ಕಿರಿಕಿರಿ ತಂದೀತು. ಅಂಥ ಸಾವಿರ ಸಾಲುಗಳು ಸೇರಿದರೆ ಪರೀಕ್ಷೆಗೆ ಐದನೆಯ ಪ್ರಶ್ನೆಯೊಂದು ಸೇರುವುದಕ್ಕೆ ಆಧಾರವಾದೀತು. ಜಾಮೀನು ನಿಂತ ಮಾವನ ಕಣ್ಣಿಗೆ ಅಂದು ರಾತ್ರಿ ಈ ಎರಡನೆಯ ಭಾಗ ಕಂಡಿರಲಿಲ್ಲ.

ನಮ್ಮ ತೀರದ ಮಾತು ಇನ್ನೂ ಉಳಿದಿದೆ. ಭಾರತದ ಸುತ್ತಣ ಕಡಲು ಅಂಥ ವಲಯವಲ್ಲ. ತಲಪಾಡಿ ದಾಟಿ ಸೋಮೇಶ್ವರದ ದಂಡೆಯಲ್ಲಿ ಸಂಜೆ ನಿಂತರೆ ನವಮಂಗಳೂರು ಬಂದರಿಗೆ ಕಾದು ನಿಂತ ಹಡಗುಗಳ ದೀಪಗಳು ಉತ್ತರಕ್ಕೆ ಕಾಣಿಸುತ್ತವೆ. ಅವುಗಳಲ್ಲಿ ಕೆಲವಕ್ಕೆ ಈ ಉಪಕರಣವಿದ್ದರೂ ಇಲ್ಲಿ ಅದನ್ನು ನಡೆಸಬೇಕೆಂಬ ಕಟ್ಟುಪಾಡಿಲ್ಲ. ಯೂರಿಯಾ ತೊಟ್ಟಿಯಲ್ಲಿ ತಣ್ಣಗೆ ಇರುತ್ತದೆ. ರಜೆ ಮುಗಿಯುವ ಮುನ್ನ ಅಲ್ಲಿಗೆ ಹೋಗಿದ್ದಾಗ, “ಇಲ್ಲಿ ಏನು ಬರೆಯುತ್ತೀರಿ?” ಎಂದು ಕೇಳಿದೆ. “ಇಲ್ಲಿ ಬರೆಯುವುದಕ್ಕೇ ಇಲ್ಲ ಮಾವ, ವಲಯದ ಹೊರಗಲ್ಲವೇ?” ಎಂದ. ಅದು ಕಾನೂನಿಗೆ ಸರಿಯಾದ ಉತ್ತರ. ಅದರ ಮೇಲೆ ನನಗೂ ಹೇಳಲು ಏನೂ ಇರಲಿಲ್ಲ.

ಮರಳುವ ದಾರಿಯಲ್ಲಿ, ಆ ರಾತ್ರಿ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಲು ಕಷ್ಟವಾಗಲಿಲ್ಲವೇ ಎಂದು ಕೇಳಿದೆ. ಶಾಲೆಯಿಂದಲೂ ಅವನಿಗೆ ಅದೊಂದು ಅಳುಕು. ಮೊದಲು ಜೇಬಿನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ, ಅದು ಸರಿಯಾಯಿತೆಂದು ಅನ್ನಿಸಿದ ಮೇಲೆ ಇಂಗ್ಲಿಷಿಗೆ ಮಾಡಿದೆ ಎಂದ. ಆ ಪುಟವನ್ನು ತೋರಿಸಿದ. ಎಣ್ಣೆಯ ಬೆರಳಚ್ಚು ಮೂಡಿದ ಹಾಳೆಯ ಮೇಲೆ ಐದು ಸಾಲುಗಳಿದ್ದವು. ಮೂರನೆಯ ಸಾಲಿನಲ್ಲಿ ಮೊದಲು ‘ನಡೆಯುತ್ತಿತ್ತು’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ನಿಂತಿತ್ತು’ ಎಂದು ಬರೆದಿದ್ದ. ಅದು ನನ್ನ ಮೊದಲ ಕರೆಗೂ ಎರಡನೆಯ ಕರೆಗೂ ನಡುವಿನ ಒಂದು ಗಂಟೆಯ ಗುರುತು. ಪುಸ್ತಕವನ್ನು ಮಡಚಿ ಅವನ ಕೈಗೆ ಮರಳಿ ಕೊಟ್ಟೆ.